ಹನ್ನೆರಡು ಜನ ಸಾಲದೇ?

ಸಣ್ಣ ಚರ್ಚಿನ ಯುವಜನ ಸಂಘದ ಮುಖಂಡನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ‘ಸಂಘ ಹೇಗುಂಟು?’ ಎಂದು ಕೇಳಿ. ‘ಜನವೇ ಬರುವುದಿಲ್ಲ ಮಾರಾಯ್ರೆ’ ಎಂಬ ಉತ್ತರ ತಯಾರು. ಓದು ಮುಗಿಸಿದವರು ಬೆಂಗಳೂರಿಗೆ, ವೀಸಾ ಸಿಕ್ಕಿದವರು ಗಲ್ಫಿಗೆ. ಉಳಿದ ಹತ್ತು ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಮಾಡುವುದೇನು?

ಚಿಂತೆ ನಿಜ, ಲೆಕ್ಕ ಮಾತ್ರ ತಪ್ಪು. ಬಾಸೆಲ್ ಮಿಶನ್ ಕೆಲಸಕ್ಕೆಂದು 1834ರಲ್ಲಿ ಮಂಗಳೂರಿಗೆ ಬಂದಿಳಿದವರು ಮೂರೇ ಜನ. 1844ರಲ್ಲಿ ಲಂಡನ್ನಿನ ಜವಳಿ ಅಂಗಡಿಯ ನೌಕರ, 22 ವರ್ಷದ ಜಾರ್ಜ್ ವಿಲಿಯಮ್ಸ್ ಕೂಡಿಸಿದ್ದು ತಾನೂ ಸೇರಿ ಹನ್ನೆರಡು ಮಂದಿಯನ್ನು. ಅದೇ ಇವತ್ತಿನ ವೈ.ಎಂ.ಸಿ.ಎ. 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾದ್ರಿ ‘ಕ್ರಿಶ್ಚಿಯನ್ ಎಂಡೆವರ್’ ಎಂಬ ಯುವಜನ ಸಂಘ ಕಟ್ಟಿದರು. ಸೇರಿದವನು ಸುಮ್ಮನೆ ಕೂರುವಂತಿಲ್ಲ, ಸಭೆಯಲ್ಲಿ ಪಾಲುಗೊಳ್ಳಲೇಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ಗುಟ್ಟು ಇರುವುದು ಇಲ್ಲೇ.

ನಮ್ಮಲ್ಲಿ ನೋಡಿ. ಪ್ರಾರ್ಥನೆ ಮುಖಂಡನದೇ, ಗಿಟಾರೂ ಅವನದೇ. ಕೋಣೆಯ ಕೀಲಿಕೈ ಅವನ ಜೇಬಿನಲ್ಲಿ, ಕ್ಯಾರಲ್ ಹಣದ ಲೆಕ್ಕ ಅವನ ತಲೆಯಲ್ಲಿ. ಗಲ್ಲಾಪೆಟ್ಟಿಗೆ ಬಿಟ್ಟುಕೊಡದ ಧಣಿಗೆ ಜ್ವರ ಬಂದರೆ ಅಂಗಡಿಗೆ ಬಾಗಿಲು. ಮುಖಂಡನಿಗೆ ದುಬೈ ಕೆಲಸ ಸಿಕ್ಕಿದರೆ ಸಂಘಕ್ಕೆ ಬೀಗ. ಹಿರಿಯರೂ ಕಡಿಮೆಯೇನಲ್ಲ. ಬೆಂಚು ಹೊರಲು, ಊಟ ಬಡಿಸಲು ಹುಡುಗರು ಬೇಕು. ಅದೇ ಹುಡುಗ ಸಮಿತಿಯಲ್ಲಿ ಬಾಯಿ ತೆರೆದರೆ ‘ನಿಂಗೇನು ಗೊತ್ತು, ಕೂತ್ಕೊ!’

ಸಂಘ ಉಳಿಯಬೇಕಾದರೆ ಮೊದಲು ಟೈಮು ಸರಿಯಾಗಲಿ. ನಾಲ್ಕೇ ಜನ ಇದ್ದರೂ ಟೈಮಿಗೆ ಹೊರಡುವ ಬಸ್ಸನ್ನು ನಂಬಿ ಜನ ಕಾಯುತ್ತಾರೆ. ಐದಕ್ಕೆ ಅಂದರೆ ಐದಕ್ಕೇ ಶುರುವಾಗಬೇಕು, ಆರೂವರೆಗೆ ಮುಗಿಯಬೇಕು. ಊರಿನ ಕೊನೆ ಬಸ್ಸು ತಪ್ಪಿಸಿಕೊಂಡ ಹುಡುಗಿಯನ್ನು ಮುಂದಿನ ವಾರ ತಾಯಿ ಕಳಿಸುತ್ತಾಳೆಯೇ?

ಎರಡನೆಯದು ದುಡ್ಡು. ಐದು ರೂಪಾಯಿಯೇ ಇರಲಿ, ಪುಸ್ತಕದಲ್ಲಿ ಬರೆದು ತಿಂಗಳಿಗೊಮ್ಮೆ ಎಲ್ಲರೆದುರು ಓದಬೇಕು. ಪುಸ್ತಕ ಒಬ್ಬನ ಕೈಯಲ್ಲಿ, ಪೆಟ್ಟಿಗೆ ಇನ್ನೊಬ್ಬಳ ಕೈಯಲ್ಲಿ ಇರಲಿ. ಹಾಡು ಒಬ್ಬರಿಗೆ, ಪ್ರಾರ್ಥನೆ ಒಬ್ಬರಿಗೆ, ಆಸ್ಪತ್ರೆ ಭೇಟಿ ಮತ್ತೊಬ್ಬರಿಗೆ ಹಂಚಬೇಕು. ಮೊದಮೊದಲು ತಪ್ಪಾಗುತ್ತದೆ. ಆಗಲಿ! ಹುಂಡು ಚೆಲ್ಲದೆ ತಕ್ಕಡಿ ಹಿಡಿಯಲು ಕಲಿತವರು ಯಾರು?

ಮೂರನೆಯದೇ ದೊಡ್ಡದು. ಎರಡು ವಾರ ಬಾರದವನ ಮನೆಗೆ ನಡೆದುಕೊಂಡು ಹೋಗಬೇಕು. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಹಾಕಿದರೆ ಸಾಲದು. ಪರೀಕ್ಷೆಯಲ್ಲಿ ಫೇಲಾದವನು, ಕೆಲಸ ಹೋದವನು ಮುಖ ತೋರಿಸಲು ನಾಚಿ ದೂರ ಉಳಿಯುತ್ತಾನೆ. ಸಂಘ ಯಾರಿಗೆ ಹೆಚ್ಚು ಬೇಕೋ ಅವನೇ ಮೊದಲು ಕಣ್ಮರೆಯಾಗುವುದು. ಇನ್ನೂರು ಜನರ ಸಂಘದಲ್ಲಿ ಇದು ಗೊತ್ತೇ ಆಗಲಿಕ್ಕಿಲ್ಲ. ಹನ್ನೆರಡರಲ್ಲಿ ಒಂದು ಕುರ್ಚಿ ಖಾಲಿಯಾದರೆ ಕಣ್ಣಿಗೆ ಹೊಡೆಯುತ್ತದೆ. ಸಣ್ಣ ಸಂಘದ ಭಾಗ್ಯವೇ ಅದು.

ಕ್ರಿಸ್‌ಮಸ್ ಗಡಿಬಿಡಿಗೆ ಮುಂಚೆ ಮುಖಂಡರು ಒಂದು ಭಾನುವಾರ ಬೇಕೆಂದೇ ರಜೆ ಹಾಕಿ ನೋಡಲಿ. ಐದಕ್ಕೆ ಸರಿಯಾಗಿ ಕೋಣೆಯ ಬಾಗಿಲು ತೆರೆದರೆ ಸಂಘ ಉಂಟು. ತೆರೆಯದಿದ್ದರೆ ಇಷ್ಟು ದಿನ ಇದ್ದದ್ದು ಅವರೊಬ್ಬರೇ!