ದೋಸೆ ಹಿಟ್ಟು ಹುದುಗಿದ್ರೆ ತಿಂಡಿ, ಬಾರ್ಲಿ ಹುದುಗಿದ್ರೆ ಜೈಲು!

ಅಮೆರಿಕದಲ್ಲಿರೋ ನಮ್ಮಕ್ಕನ ಮಗ ಮೊನ್ನೆ ಆರ್.ಕೆ.ಪುರಂ ಮನೆಗೆ ಬಂದಿದ್ದ. ಅಲ್ಲಿ ಗ್ಯಾರೇಜಿನಲ್ಲಿ ಅವನೇ ಬಿಯರ್ ಮಾಡ್ಕೋತಾನಂತೆ. ಅದೂ ಅಂತಿಂಥದ್ದಲ್ಲ, ಬೆಲ್ಜಿಯಂ ಶೈಲಿಯದು. ಬಂಗಾರದ ಬಣ್ಣ, ಹಾಪ್ಸ್ ಹೂವಿನ ಘಮ ಮತ್ತು ಕಹಿ, ಎಂಟೊಂಬತ್ತು ಪರ್ಸೆಂಟ್ ಆಲ್ಕೋಹಾಲು.

ಹೇಗೋ ಅಂದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲೀನ ತರಿತರಿಯಾಗಿ ಒಡೆದು, 65 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ಬಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತೆ. ಸೋಸಿ, ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸಬೇಕು. ಬಲ ಹೆಚ್ಚಿ ಮೈ ಹಗುರವಾಗಿರಲಿ ಅಂತ ಒಂದಿಷ್ಟು ಸಕ್ಕರೆ. ಆರಿದ ಮೇಲೆ ಬೆಲ್ಜಿಯನ್ ಯೀಸ್ಟ್ ಹಾಕಿ ವಾರಗಟ್ಟಲೆ ಕಾಯೋದು. ಕೊನೆಗೆ ಘಮಕ್ಕೆ ಇನ್ನೊಂದು ಹಿಡಿ ಹಾಪ್ಸ್.

"ಅಯ್ಯೋ, ಅರ್ಧ ನಮ್ಮ ರಾಗಿ ಮಾಲ್ಟು, ಇನ್ನರ್ಧ ದೋಸೆ ಹಿಟ್ಟು!" ಅಂದ್ಲು ನಮ್ಮವಳು.

"ಇಲ್ಲೂ ಮಾಡೋಣ್ವಾ ಮಾವ?" ಅಂದ. "ಮಾಡೋ, ಆಮೇಲೆ ನನ್ನ ಬಿಡಿಸ್ಕೊಂಡು ಬರೋಕೆ ಠಾಣೆಗೂ ನೀನೇ ಬಾ" ಅಂದೆ. 2009ರ ದೆಹಲಿ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬಾರ್ಲಿ ಪಕ್ಕದ ಹರಿಯಾಣ, ರಾಜಸ್ಥಾನದಲ್ಲೇ ಸಿಗುತ್ತೆ. ಹಾಪ್ಸ್ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೀತಾರೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಹುದುಗಿಸಿದೆನೋ, ನಾನು ಅಪರಾಧಿ. ಅದೇ ಅಂಗಡಿಗೆ ಹೋಗಿ 42.8 ಪರ್ಸೆಂಟಿನ ವಿಸ್ಕಿ ತಂದ್ರೆ ಗೌರವಸ್ಥ!

ಜನರ ಪ್ರಾಣ ಉಳಿಸೋಕೆ ಈ ಕಾನೂನು ಅಂತಾರೆ. ಸರಿ ಸ್ವಾಮಿ, ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯ್ತು. ವರ್ಷ ತುಂಬೋಕೆ ಮುಂಚೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಕಳ್ಳಸಾರಾಯಿ ಕುಡಿದು ಸತ್ತರು. ಕೊಂದದ್ದು ಮಿಥೈಲ್ ಆಲ್ಕೋಹಾಲು, ಕಾರ್ಖಾನೆಯ ರಾಸಾಯನಿಕ. ಧಾನ್ಯ ಹುದುಗಿಸಿದ ಬಿಯರಿನಲ್ಲಿ ಅದು ಪ್ರಾಣ ತೆಗೆಯೋವಷ್ಟು ಹುಟ್ಟೋದೇ ಇಲ್ಲ. ಕಳ್ಳಭಟ್ಟಿಯವನನ್ನೂ ಅಡುಗೆಮನೆಯವನನ್ನೂ ಒಂದೇ ಹಗ್ಗದಲ್ಲಿ ಕಟ್ಟೋದು ಯಾವ ನ್ಯಾಯ?

ಕುಡಿತದಿಂದ ಮನೆಗಳು ಹಾಳಾಗಿರೋದು ಸುಳ್ಳಲ್ಲ, ನಮ್ಮೂರಲ್ಲೇ ಕಣ್ಣಾರೆ ಕಂಡಿದ್ದೀನಿ. ಆದ್ರೆ ಒಂದು ಲೋಟಕ್ಕೆ ಎರಡು ತಿಂಗಳು ಕಾಯೋ ತಾಳ್ಮೆ ಯಾವ ಕುಡುಕನಿಗಿದೆ ಹೇಳಿ?

ನಿಜವಾದ ಸಂಕಟ ಸುಂಕದ್ದು. ಬೆಂಗಳೂರಲ್ಲಿ ದುಡ್ಡು ಸುರಿದು ಮೈಕ್ರೋಬ್ರೂವರಿ ಇಡೋರಿಗೆ ಲೈಸೆನ್ಸ್ ಸಿಗುತ್ತೆ. ಮನೇಲಿ ಮಾಡ್ಕೊಳ್ಳೋನಿಂದ ಖಜಾನೆಗೇನು ಲಾಭ? ಬ್ರಿಟನ್ 1963ರಲ್ಲೇ ಮನೆ ಬಿಯರಿಗೆ ಲೈಸೆನ್ಸ್ ಬೇಡ ಅಂತು. ಅಮೆರಿಕ 1978ರಲ್ಲಿ ಕಾನೂನು ಮಾಡಿ, ವರ್ಷಕ್ಕೆ ಒಬ್ಬರಿಗೆ 100 ಗ್ಯಾಲನ್, ಅಂದ್ರೆ ಸುಮಾರು 378 ಲೀಟರ್, ತೆರಿಗೆಯಿಲ್ಲದೆ ಬಿಟ್ಟುಕೊಡ್ತು. ನಮಗೆ ಅಷ್ಟೆಲ್ಲ ಬೇಡ. ವರ್ಷಕ್ಕೆ 50 ಲೀಟರ್ ಸಾಕು. ಮಾರೋ ಹಾಗಿಲ್ಲ, ಭಟ್ಟಿ ಇಳಿಸೋ ಹಾಗಿಲ್ಲ ಅಂತ ಬರೆದುಬಿಡಿ.

ಹುಡುಗ ವಾಪಸ್ ಹೋಗೋವಾಗ ನಮ್ಮವಳು ಮೊಳಕೆ ಕಟ್ಟಿ ಮಾಡಿದ ಎರಡು ಕೇಜಿ ರಾಗಿ ಹಿಟ್ಟು ಕಟ್ಟಿಕೊಟ್ಲು. ಏರ್‌ಪೋರ್ಟಲ್ಲಿ ಯಾರೂ ತಡೀಲಿಲ್ಲ. ಅದರಲ್ಲಿ ಅವನು ಅಲ್ಲಿ ಏನು ಮಾಡ್ತಾನೋ, ನಾನಂತೂ ಕೇಳಲಿಲ್ಲ!

ನೀವೇನಂತೀರಿ?