ಇನ್‌ಚಾರ್ಜ್ ಎಂಬ ಹೊರೆ

‘ಡಾಕ್ಟರ್ ಇಲ್ಲೇನ್ರಿ?’ ಎಂದು ಕೇಳಿದರೆ ‘ಇನ್‌ಚಾರ್ಜ್ ಅದಾರ್ರಿ, ಇವತ್ತು ಆ ಕಡಿ ದವಾಖಾನಿಗೆ ಹೋಗ್ಯಾರ’ ಎಂಬ ಉತ್ತರ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗರಿಗೆ ಹೊಸದಲ್ಲ.

ಹುದ್ದೆ ಖಾಲಿಯಾದರೂ ಅದರ ಕೆಲಸ ಹಾಗೇ ಇರುತ್ತದೆ. ಅದು ಪಕ್ಕದ ಕೇಂದ್ರದ ವೈದ್ಯರ, ಪಕ್ಕದ ಉಪಕೇಂದ್ರದ ಸಿಸ್ಟರ್ ಹೆಗಲಿಗೆ ಬೀಳುತ್ತದೆ. ಬಯಲುಸೀಮೆಯಲ್ಲಿ 30 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೊಂದು ಉಪಕೇಂದ್ರ ಎಂಬುದು ಸರ್ಕಾರವೇ ಹಾಕಿಕೊಂಡ ಲೆಕ್ಕ. ಇನ್ನೊಂದರ ಪ್ರಭಾರ, ಅಂದರೆ ಇನ್‌ಚಾರ್ಜ್, ಬಂದ ದಿನವೇ ಆ ಲೆಕ್ಕ ದುಪ್ಪಟ್ಟಾಗುತ್ತದೆ. ಹೆರಿಗೆ, ಲಸಿಕೆ, ಮನೆಭೇಟಿ ಮುಗಿಸಿ ಬಂದವರಿಗೆ ಪೋರ್ಟಲ್‌ನಲ್ಲಿ ಮಾಹಿತಿ ತುಂಬುವ ಕೆಲಸ ಕಾದಿರುತ್ತದೆ.

ಈ ಸೀಮೆಯ ಕೆಲಸಕ್ಕೆ ಇನ್ನೊಂದು ಕಷ್ಟವಿದೆ. ತೊಗರಿ ರಾಶಿ ಮುಗಿದರೆ ಎಷ್ಟೋ ಕುಟುಂಬಗಳು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಕೂಸಿಗೆ ಮೊದಲ ಚುಚ್ಚುಮದ್ದು ಇಲ್ಲಾದರೆ ಎರಡನೆಯದು ಎಲ್ಲಾಯಿತೋ! ಮಹಾರಾಷ್ಟ್ರದ ಅಕ್ಕಲಕೋಟೆಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ಆಳಂದದ ತವರಿಗೆ ಬಂದಿರುತ್ತಾಳೆ, ಅವಳ ತಾಯಿ ಕಾರ್ಡು ಅಲ್ಲೇ ಇರುತ್ತದೆ. ಯಾರ ಮನೆಗೆ ಯಾರು ಬಂದರು, ಯಾರು ಬಸ್ಸು ಹತ್ತಿದರು ಎಂಬುದು ವರ್ಷಗಟ್ಟಲೆ ಓಣಿ ತಿರುಗಿದ ಸಿಸ್ಟರ್‌ಗೆ ಮಾತ್ರ ಗೊತ್ತು. ಆಕೆ ವರ್ಗವಾಗಿ ಹೋದರೆ ಆ ತಿಳಿವಳಿಕೆಯೂ ಹೋಯಿತು. ಹೊಸಬರು ಮೊದಲಿನಿಂದ ಶುರು ಮಾಡಬೇಕು.

ಬಿಸಿಲು, ದೂರ, ಕ್ವಾರ್ಟರ್ಸ್ ಇಲ್ಲದಿರುವುದು, ಇವೇ ಸಿಬ್ಬಂದಿ ಇಲ್ಲಿ ನಿಲ್ಲದಿರಲು ಕಾರಣಗಳು ಎಂದು ಹೊರಗಿನವರು ಹೇಳುತ್ತಾರೆ. ಅವೆಲ್ಲ ನಿಜ. ಆದರೆ ಅವನ್ನು ತಾಳಿಕೊಂಡು ನಿಂತವರೂ ಕಡೆಗೆ ಹೊರಡುವುದೇಕೆ? ನಿಂತವರ ಮೇಲೆಯೇ ಹೋದವರ ಕೆಲಸ ಹೇರುತ್ತೇವೆ. ನಿಲ್ಲುವುದೇ ಇಲ್ಲಿ ಶಿಕ್ಷೆಯಾಗಿದೆ. ಕೆಲಸದ ಒತ್ತಡ ತೀರದೆ ಮನುಷ್ಯ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದುಡಿಮೆಗೆ ಸಂಬಂಧಿಸಿದ ಸಮಸ್ಯೆ ಎಂದು ಗುರುತಿಸಿತು. ಹಾಗಿದ್ದ ಮೇಲೆ ಮದ್ದನ್ನೂ ದುಡಿಸಿಕೊಳ್ಳುವವರ ಕಚೇರಿಯಲ್ಲೇ ಹುಡುಕಬೇಕು.

ವರ್ಗವಿಲ್ಲದವಳು ಒಬ್ಬಳಿದ್ದಾಳೆ, ಆಶಾ ಕಾರ್ಯಕರ್ತೆ. ಊರ ಸೊಸೆ, ಊರಲ್ಲೇ ಇರುತ್ತಾಳೆ. ಹೊಸ ಡಾಕ್ಟರಿಗೆ ಓಣಿ ತೋರಿಸುವವಳೂ ಅವಳೇ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಾದಾಗ ಜಿಲ್ಲೆಗೆ ಜಿಲ್ಲೆಯೇ ಬಾಗಿಲು ಹಾಕಿಕೊಂಡಿತ್ತು. ಆ ಸಾಂಕ್ರಾಮಿಕದ ದಿನಗಳಲ್ಲಿ ಆಶಾಗಳು ಮನೆಮನೆ ತಿರುಗಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಣ್ಣುಮಕ್ಕಳು ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ಕನಿಷ್ಠ 10,000 ಖಚಿತ ಎಂಬ ಮುಖ್ಯಮಂತ್ರಿಗಳ ಭರವಸೆ ಪಡೆದು ಊರಿಗೆ ಮರಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಧರಣಿಗೆ ಕೂರಬೇಕಾಯಿತು.

ಈ ಸೀಮೆಯ ಕೊರತೆ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂತು, ಸ್ಥಳೀಯರಿಗೆ ಹುದ್ದೆಗಳಲ್ಲಿ ಮೀಸಲು ಸಿಕ್ಕಿತು. ಮೀಸಲಿಟ್ಟ ಹುದ್ದೆಯನ್ನು ತುಂಬದಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಪ್ರಭಾರದ ಆದೇಶದಲ್ಲಿ ಶುರುವಾಗುವ ದಿನದ ಜೊತೆ ಮುಗಿಯುವ ದಿನವನ್ನೂ ಬರೆಯಲಿ. ಆ ದಿನ ಮೀರಿದರೆ ಯಾವ ಅಧಿಕಾರಿ ಉತ್ತರ ಕೊಡಬೇಕು ಎಂಬುದೂ ಅದರಲ್ಲಿರಲಿ. ಮುಂದಿನ ರಾಶಿ ಮುಗಿದು ಜನ ಪುಣೆಯ ಬಸ್ಸು ಹತ್ತುವುದರೊಳಗೆ, ಖಾಲಿ ಬಿದ್ದ ಉಪಕೇಂದ್ರಗಳಿಗಾದರೂ ಒಬ್ಬೊಬ್ಬ ಸಿಸ್ಟರ್ ಬರಲಿ.