ಮೊಬೈಲಿಗೆ ಬರುವ ಚುನಾವಣಾ ಜಾಹೀರಾತು: ದುಡ್ಡು ಕೊಟ್ಟವರ ಲೆಕ್ಕ ನಾವೂ ನೋಡೋಣ

ಗೋಡೆ ಮೇಲೆ ಪೋಸ್ಟರ್ ಅಂಟಿಸಿದರೆ ಊರೆಲ್ಲ ನೋಡುತ್ತದೆ. ಗಾಡಿಗೆ ಮೈಕ್ ಕಟ್ಟಿ ಕೂಗಿದರೆ ಊರೆಲ್ಲ ಕೇಳುತ್ತದೆ. ಚುನಾವಣಾ ಸಿಬ್ಬಂದಿ ಅದನ್ನು ವಿಡಿಯೊ ಮಾಡಿಕೊಂಡು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ.

ಫೇಸ್‌ಬುಕ್, ಯೂಟ್ಯೂಬ್ ಜಾಹೀರಾತು ಹಾಗಲ್ಲ. ಕುಷ್ಟಗಿಯ ಹುಡುಗನಿಗೆ ಬಂದದ್ದು ಅವನ ಅಜ್ಜನಿಗೆ ಬರುವುದಿಲ್ಲ. ಗಂಗಾವತಿಯ ಭತ್ತದ ರೈತನಿಗೆ ಒಂದು ಮಾತು, ಯಲಬುರ್ಗಾದ ಮಳೆ ನಂಬಿದ ರೈತನಿಗೆ ಇನ್ನೊಂದು ಮಾತು ಹೇಳಬಹುದು. ಇಬ್ಬರೂ ಕೊಪ್ಪಳ ಲೋಕಸಭಾ ಕ್ಷೇತ್ರದ ಮತದಾರರೇ. ಒಬ್ಬನಿಗೆ ಹೇಳಿದ್ದು ಇನ್ನೊಬ್ಬನಿಗೆ ಗೊತ್ತೇ ಆಗುವುದಿಲ್ಲ.

ಈ ಜಾಹೀರಾತುಗಳ ಲೆಕ್ಕವನ್ನು ಬೆಂಗಳೂರು, ದೆಹಲಿಯ ಸಂಸ್ಥೆಗಳಷ್ಟೇ ನೋಡಿದರೆ ಸಾಲದು, ನಮ್ಮ ತಾಲೂಕುಗಳಲ್ಲಿ ಕುಳಿತೂ ನೋಡಬೇಕು ಎಂಬುದು ನಮ್ಮ ವಾದ. ನೋಡಲು ಬರುವಂಥ ಲೆಕ್ಕವನ್ನು ಕಂಪನಿಗಳೂ ಚುನಾವಣಾ ಆಯೋಗವೂ ಕೊಡಬೇಕು.

ಲೆಕ್ಕ ಎಲ್ಲಿದೆ?

2019ರ ಲೋಕಸಭಾ ಚುನಾವಣೆಗೆ ಮುಂಚೆ ಫೇಸ್‌ಬುಕ್ಕೂ ಗೂಗಲ್ಲೂ ಭಾರತದ ರಾಜಕೀಯ ಜಾಹೀರಾತುಗಳ ಭಂಡಾರ ತೆರೆದವು. ಫೇಸ್‌ಬುಕ್, ಇನ್‌ಸ್ಟಾಗ್ರಾಂನದು 'ಆಡ್ ಲೈಬ್ರರಿ'. ಅದನ್ನು ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ರಾಜಕೀಯ ಜಾಹೀರಾತು ಏಳು ವರ್ಷ ಉಳಿಯುತ್ತದೆ. ಅದರ ವರದಿ ಡೌನ್‌ಲೋಡ್ ಮಾಡಿದರೆ ಸಿಎಸ್‌ವಿ ಎಂಬ ಕಡತ ಸಿಗುತ್ತದೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಅದರಲ್ಲಿ ಸಾಲು, ಕಾಲಂ ಇರುತ್ತವೆ. ಪೇಜಿನ ಹೆಸರು, ಯಾರು ದುಡ್ಡು ಕೊಟ್ಟರು, ಎಷ್ಟು ಕೊಟ್ಟರು ಎಂಬುದೆಲ್ಲ ಅಲ್ಲಿದೆ.

ಈ ಖಾತೆ ಯಾಕೆ ಮುಖ್ಯ? ಲೋಕಸಭಾ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ ಗರಿಷ್ಠ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಖರ್ಚು ಮಾಡಬಹುದು ಎಂದು 2022ರಲ್ಲಿ ನಿಗದಿಯಾಯಿತು. ಸಾಮಾಜಿಕ ಜಾಲತಾಣದ ಖರ್ಚನ್ನೂ ಇದರಲ್ಲಿ ತೋರಿಸಬೇಕೆಂದು ಆಯೋಗ 2013ರಲ್ಲೇ ಹೇಳಿದೆ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಹೆಸರಿಲ್ಲದ ಯಾವುದೋ ಪೇಜು ಅವನನ್ನು ಹೊಗಳಿಯೋ, ಎದುರಾಳಿಯನ್ನು ತೆಗಳಿಯೋ ಜಾಹೀರಾತು ಹಾಕಿದರೆ ಆ ದುಡ್ಡು ಯಾರ ಲೆಕ್ಕಕ್ಕೆ? ಇದನ್ನು ಕೇಳಬೇಕಾದರೆ ಮೊದಲು ಆ ಪೇಜು ಇದೆ ಎಂದು ಗೊತ್ತಾಗಬೇಕು. ಊರ ಜಗಳ, ಊರ ಹೆಸರು ಬಲ್ಲವರಿಗೆ ಅದು ಬೇಗ ಗೊತ್ತಾಗುತ್ತದೆ.

ಕಡತ ತೆರೆಯುವಾಗ ಎಡವುವ ಜಾಗಗಳು

ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ಚೂರುಚೂರಾಗಿ ಕಾಣಬಹುದು. ಕಡತ ಕೆಟ್ಟಿದೆ ಎಂದು ಬಿಡಬೇಡಿ. 'ಡೇಟಾ' ಮೆನುವಿನಿಂದ ಆಮದು ಮಾಡಿಕೊಂಡು, ಯುಟಿಎಫ್-8 ಆಯ್ಕೆ ಮಾಡಿದರೆ ಅಕ್ಷರ ಸರಿಯಾಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ತೊಂದರೆ ಕಡಿಮೆ.

ಎರಡನೆಯದು ಪೇಜಿನ ಗುರುತಿನ ಸಂಖ್ಯೆ. ಅದು ಉದ್ದನೆಯ ಸಂಖ್ಯೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಇಟ್ಟುಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತದೆ. ಆಗ ಎರಡು ಬೇರೆ ಪೇಜು ಒಂದೇ ಆಗಿ ಕಾಣಬಹುದು. ಆಮದು ಮಾಡುವಾಗಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗುರುತಿಸಿ.

ಮೂರನೆಯದು ದುಡ್ಡಿನ ಕಾಲಂ. ಸಣ್ಣ ಮೊತ್ತವಿದ್ದ ಕಡೆ '≤100' ಎಂದಿರುತ್ತದೆ, ಅಂದರೆ ನೂರು ಅಥವಾ ಅದಕ್ಕಿಂತ ಕಡಿಮೆ. ಕಂಪ್ಯೂಟರಿಗೆ ಅದು ಅಂಕಿಯಲ್ಲ, ಅಕ್ಷರ. ಕೂಡಿಸುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇಂಥ ಸಾಲು ಎಷ್ಟಿವೆ ಎಂದು ಬೇರೆಯಾಗಿ ಎಣಿಸಿ ಬರೆದುಕೊಳ್ಳಬೇಕು.

ನಾಲ್ಕನೆಯದು, ಒಂದೇ ಪೇಜು ಹಲವು ಸಾಲುಗಳಲ್ಲಿ ಇರಬಹುದು. ದುಡ್ಡು ಕೊಟ್ಟವರ ಹೆಸರು ಬದಲಾದಂತೆ ಸಾಲೂ ಬದಲಾಗುತ್ತದೆ. ಒಬ್ಬರೇ ಹಲವು ಪೇಜುಗಳಿಗೆ ದುಡ್ಡು ಕೊಟ್ಟಿರಲೂಬಹುದು. ಆದ್ದರಿಂದ ಪೇಜಿನ ಲೆಕ್ಕ ಬೇರೆ, ಕೊಟ್ಟವರ ಲೆಕ್ಕ ಬೇರೆ ಮಾಡಿ ನೋಡಿ.

ಐದನೆಯದು ದಿನಾಂಕ. 30 ದಿನದ ವರದಿಯನ್ನು ವಾರಕ್ಕೊಮ್ಮೆ ಇಳಿಸಿಕೊಂಡು ಎಲ್ಲವನ್ನೂ ಕೂಡಿಸಿದರೆ ಅದೇ ದುಡ್ಡು ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ. ಹತ್ತು ಸಾವಿರ ಖರ್ಚು ಮಾಡಿದವನು ನಮ್ಮ ಹಾಳೆಯಲ್ಲಿ ನಲವತ್ತು ಸಾವಿರದವನಾಗುತ್ತಾನೆ. ಅಂಥ ಅಂಕಿ ಹಿಡಿದು ಬರೆದರೆ ಅದು ಒಬ್ಬರ ಮೇಲೆ ಸುಳ್ಳು ಆರೋಪ.

ಇನ್ನು ನಮ್ಮೂರಿನ ತೊಡಕು. ಯಲಬುರ್ಗಾ, ಯಲಬುರ್ಗ, ಯಲಬುರಗಾ ಎಂದು ಕನ್ನಡದಲ್ಲೇ ಹಲವು ಬಗೆಯಲ್ಲಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಗಂಗಾವತಿಗೂ ಕುಷ್ಟಗಿಗೂ ಒಂದಕ್ಕಿಂತ ಹೆಚ್ಚು ಕಾಗುಣಿತ. ಒಂದೇ ಕಾಗುಣಿತದಲ್ಲಿ ಹುಡುಕಿದರೆ ಅರ್ಧ ಜಾಹೀರಾತು ತಪ್ಪಿಹೋಗಬಹುದು. ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂಬುದು ಇಲ್ಲಿಯವರಿಗೆ ಗೊತ್ತು, ದೂರದ ಸಂಶೋಧಕರಿಗೆ ಗೊತ್ತಿರಲಿಕ್ಕಿಲ್ಲ.

ಲೆಕ್ಕ ಹೇಳದ ಮಾತು

ಈ ಹಾಳೆ ಎಲ್ಲವನ್ನೂ ಹೇಳುವುದಿಲ್ಲ. ಒಂದೊಂದು ಜಾಹೀರಾತಿಗೆ ಖರ್ಚಾದ ದುಡ್ಡನ್ನು 'ಇಷ್ಟರಿಂದ ಇಷ್ಟರವರೆಗೆ' ಎಂದಷ್ಟೇ ಕೊಡುತ್ತಾರೆ. ಉದಾಹರಣೆಗೆ 0ಯಿಂದ 99 ರೂಪಾಯಿ ಎಂದಿರುವ 40 ಜಾಹೀರಾತು ಸೇರಿದರೆ ಒಟ್ಟು ಏನೂ ಇಲ್ಲದಿರಬಹುದು, 3,960 ರೂಪಾಯಿಯೂ ಆಗಿರಬಹುದು. ಬರೆಯುವವರು ಎರಡೂ ಅಂಕಿ ಕೊಡಬೇಕು.

ಡೌನ್‌ಲೋಡ್ ಆಗುವ ವರದಿ ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. ಕರ್ನಾಟಕದ್ದು ಸಿಗುತ್ತದೆ, ಕೊಪ್ಪಳದ್ದು ಸಿಗುವುದಿಲ್ಲ. ದುಡ್ಡು ಪಡೆದು ಹೊಗಳುವ ರೀಲ್ಸ್ ಮಾಡುವವರು, ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ವಿಡಿಯೊ ಈ ಖಾತೆಗೆ ಬರುವುದೇ ಇಲ್ಲ.

'ಹಳ್ಳಿಯವರಿಗೆ ಈ ಎಕ್ಸೆಲ್ ಯಾಕೆ, ಮೊದಲು ನೀರು, ರಸ್ತೆ ಕೇಳಲಿ' ಎನ್ನುವವರಿದ್ದಾರೆ. ನೀರಿನ ಭರವಸೆಯೇ ಈಗ ಜಾಹೀರಾತಾಗಿ ಮೊಬೈಲಿಗೆ ಬರುತ್ತಿದೆ. ಯಾರಿಗೆ ಏನು ಭರವಸೆ ಕೊಟ್ಟರು ಎಂಬ ದಾಖಲೆ ಇದ್ದರೆ ತಾನೇ ಗೆದ್ದ ಮೇಲೆ ಕೇಳಲು ಸಾಧ್ಯ? ಬಿ.ಕಾಂ. ಓದಿದ, ಟ್ಯಾಲಿ ಕಲಿತ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿದ್ದಾರೆ. ಅಡತಿ ಅಂಗಡಿಯ ಲೆಕ್ಕ ಬರೆಯುವವರಿಗೆ ಇದು ಕಷ್ಟವಲ್ಲ.

ನಾವು ಕೇಳುವುದು

ಕಂಪನಿಗಳು ಜಿಲ್ಲೆವಾರು ಲೆಕ್ಕ ಕೊಡಲಿ. ಜಾಹೀರಾತುದಾರರಿಗೆ ಊರು ನೋಡಿ ಜಾಹೀರಾತು ಮಾರುವ ಕಂಪನಿಗೆ, ಊರಿನವರಿಗೆ ಲೆಕ್ಕ ಕೊಡುವುದು ಅಸಾಧ್ಯವೇನಲ್ಲ.

ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿಗಳು ಖರ್ಚಿನ ಲೆಕ್ಕ ಸಲ್ಲಿಸಬೇಕು ಎಂಬ ಕಾನೂನಿದೆ. ಆಯೋಗ ಅದನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಅಲ್ಲ, ಕೂಡಿಸಿ ಕಳೆಯಲು ಬರುವ ಹಾಳೆಯಾಗಿ ಕೊಡಲಿ. ಆಗ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಕಂಪ್ಯೂಟರ್ ಇಲ್ಲದವರೂ ಒಂದು ಕೆಲಸ ಮಾಡಬಹುದು. ರಾಜಕೀಯ ಜಾಹೀರಾತು ಕಂಡಾಗ ಪೇಜಿನ ಹೆಸರು, ದುಡ್ಡು ಕೊಟ್ಟವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಕೊಟ್ಟವರ ಹೆಸರೇ ಇಲ್ಲದಿದ್ದರೆ ಅದನ್ನು ತಪ್ಪದೇ ಇಟ್ಟುಕೊಳ್ಳಿ. ಮುಂದಿನ ಚುನಾವಣೆ ಯಾವುದೇ ಇರಲಿ, ಕೊಪ್ಪಳದ ಲೆಕ್ಕ ಕೊಪ್ಪಳದವರ ಕೈಯಲ್ಲೂ ಇರಲಿ.